ಹಿಂದಿನ ಸೀಟಿನ ಚರಿತ್ರೆ

ಕಾರಿನ ಮಾತು ಬಂದಾಗ ನಮ್ಮ ಕಡೆಯ ಹಿರಿಯರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಎಷ್ಟು ಜನ ಹಿಡಿಸ್ತಾರೆ?’ ಮೈಲೇಜು ಎರಡನೆಯದು, ಬಣ್ಣ ಮೂರನೆಯದು. ಎಂಜಿನ್ ಎಷ್ಟು ಸಿಸಿಯದು ಎಂದು ಡ್ರೈವರನ್ನು ಬಿಟ್ಟರೆ ಬೇರೆ ಯಾರೂ ವಿಚಾರಿಸಿದ್ದು ನನಗೆ ನೆನಪಿಲ್ಲ. ಆ ಮೊದಲ ಪ್ರಶ್ನೆಗೆ ಖಚಿತ ಉತ್ತರವೂ ಇರುತ್ತಿರಲಿಲ್ಲ. ಆರ್‌ಸಿ ಪುಸ್ತಕದಲ್ಲಿ ಐದು ಎಂದಿದ್ದರೆ ಮದುವೆ ಮನೆಯ ಲೆಕ್ಕದಲ್ಲಿ ಅದು ಎಂಟೋ ಒಂಬತ್ತೋ ಆಗುತ್ತಿತ್ತು. ತೊಡೆಯ ಮೇಲಿನ ಮಕ್ಕಳನ್ನು ಯಾರೂ ಎಣಿಸುತ್ತಿರಲಿಲ್ಲ.

ದೂರದ ಪ್ರಯಾಣಕ್ಕೆ ಹಿತವಾದ, ಮನೆಮಂದಿಯೆಲ್ಲ ಕೂರಬಹುದಾದ ಕಾರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಮಗೆ ಸಿಕ್ಕಿದ್ದು ತೀರಾ ಈಚೆಗೆ. ಈ ದೇಶದ ಕಾರುಗಳ ಹಿಂದಿನ ಸೀಟು ಎಷ್ಟು ಅಗಲವಿರಬೇಕು, ಡಿಕ್ಕಿ ಎಷ್ಟು ಉದ್ದವಿರಬೇಕು ಎಂಬುದು ಕೊಳ್ಳುವವರ ಮನೆಯಲ್ಲಿ ತೀರ್ಮಾನವಾದದ್ದು ಕಡಿಮೆ, ದೆಹಲಿಯ ಕಚೇರಿಗಳಲ್ಲಿ ತೀರ್ಮಾನವಾದದ್ದೇ ಹೆಚ್ಚು. ಆ ತೀರ್ಮಾನದಲ್ಲಿ ಒಂದಿಷ್ಟು ಪಾಲು ನಮ್ಮ ಸಂಸಾರಗಳಿಗೂ ಇದೆ. ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಯಾವ ಕಾಯ್ದೆಯೂ ಹೇಳಲಿಲ್ಲ. ಅದನ್ನು ನಾವೇ ಗೊತ್ತುಮಾಡಿಕೊಂಡೆವು.

ಕಥೆ ಮೈಸೂರಿನಿಂದಲೇ ಶುರುವಾಗಬಹುದಿತ್ತು. 1930ರ ದಶಕದ ನಡುವಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜತೆಗೂಡಿದರು. ಮೈಸೂರು ಸಂಸ್ಥಾನಕ್ಕೂ ಈ ಕಾರ್ಖಾನೆಯಲ್ಲಿ ಆಸಕ್ತಿಯಿತ್ತು. ಆದರೆ ಎರಡನೇ ಮಹಾಯುದ್ಧ ಶುರುವಾದ ಆ ದಿನಗಳಲ್ಲಿ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ, ಯೋಜನೆ ಕಾಗದದಲ್ಲೇ ಉಳಿಯಿತು. ವಾಲ್‌ಚಂದ್ ಬೆಂಗಳೂರಿಗೆ ಬಂದರು ನಿಜ, ಆದರೆ 1940ರ ಡಿಸೆಂಬರಿನಲ್ಲಿ ಅವರು ಮೈಸೂರು ಸರ್ಕಾರದೊಂದಿಗೆ ಇಲ್ಲಿ ಆರಂಭಿಸಿದ್ದು ವಿಮಾನದ ಕಾರ್ಖಾನೆಯನ್ನು. ಅದೇ ಇಂದಿನ ಎಚ್‌ಎಎಲ್. ಕಾರಿಗೆ ಬೇಡವೆಂದವರು ಯುದ್ಧಕ್ಕೆ ಬೇಕಾದ ವಿಮಾನಕ್ಕೆ ಒಪ್ಪಿದರು. ಕನ್ನಡ ನೆಲದಲ್ಲಿ ದೊಡ್ಡ ಪ್ರಮಾಣದಲ್ಲಿ ಕಾರು ತಯಾರಾಗಲು ಅಲ್ಲಿಂದ ಮುಂದೆ ಸುಮಾರು ಅರವತ್ತು ವರ್ಷ ಹಿಡಿಯಿತು.

ಅಷ್ಟರಲ್ಲಿ ಕಾರುಗಳು ಬೇರೆಡೆಯಿಂದ ಬಂದವು. ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ 1942ರಲ್ಲಿ ಹುಟ್ಟಿ, ಆಮೇಲೆ ಬಂಗಾಳದ ಉತ್ತರಪಾರಾದಲ್ಲಿ ನೆಲೆಯೂರಿತು. ವಾಲ್‌ಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಮೊದಲನೆಯದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಅಂಬಾಸಿಡರ್ ಮಾಡಿತು, ಎರಡನೆಯದು ಇಟಲಿಯ ಫಿಯೆಟ್ 1100 ಅನ್ನು ಮುಂದೆ ಪದ್ಮಿನಿ ಮಾಡಿತು. ನಮ್ಮ ಊರುಗಳಲ್ಲಿ ಪದ್ಮಿನಿಯನ್ನು ಕೊನೆಯವರೆಗೂ ‘ಫಿಯೆಟ್ಟು’ ಎಂದೇ ಕರೆದರು.

ಅಂಬಾಸಿಡರ್ ಬಗ್ಗೆ ಈಗ ಬರೆಯುವವರು ಒಂದೋ ಹಂಬಲದಿಂದ ಬರೆಯುತ್ತಾರೆ, ಇಲ್ಲವೇ ಗೇಲಿ ಮಾಡುತ್ತಾರೆ. ಎರಡನ್ನೂ ಬದಿಗಿಟ್ಟು ಅದರ ಅಳತೆಗಳನ್ನು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಉದ್ದ ಸುಮಾರು 4.3 ಮೀಟರು, ಎತ್ತರ 1.6 ಮೀಟರು, ಎಂಜಿನ್ 1489 ಸಿಸಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಎರಡೂವರೆ ಮೀಟರಿಗೆ ಸ್ವಲ್ಪವೇ ಕಡಿಮೆ. ಒಳಗಿನ ಸೀಟುಗಳು ಸೋಫಾ ಥರದವು, ನೆಲದಿಂದ ತಕ್ಕಷ್ಟು ಎತ್ತರದಲ್ಲಿದ್ದವು. ಗೇರಿನ ಕೋಲು ಬಹುಕಾಲ ಸ್ಟಿಯರಿಂಗ್ ಕಂಬದ ಪಕ್ಕದಲ್ಲೇ ಇದ್ದುದರಿಂದ ಮುಂದಿನ ಸೀಟೂ ಅಡ್ಡಲಾಗಿ ಒಂದೇ ಬೆಂಚು. ಅಲ್ಲಿ ಡ್ರೈವರಲ್ಲದೆ ಇಬ್ಬರು ಕೂರಬಹುದಿತ್ತು, ಮೂವರು ಕೂರುತ್ತಿದ್ದರು. ಪಂಚೆ ಉಟ್ಟ ಅಜ್ಜ ತಲೆ ಬಗ್ಗಿಸದೆ ಒಳಗೆ ಹೋಗುತ್ತಿದ್ದ, ಒಂಬತ್ತು ಗಜದ ಸೀರೆಯ ಅಜ್ಜಿ ಮೊದಲು ಕೂತು ಆಮೇಲೆ ಎರಡೂ ಕಾಲನ್ನು ಒಳಗೆಳೆದುಕೊಳ್ಳುತ್ತಿದ್ದಳು. ಹಿಂದುಗಡೆ ಪಟ್ಟಿ ಸ್ಪ್ರಿಂಗುಗಳು, ಲಾರಿಯ ನಂಟಸ್ತಿಕೆಯವು. ಭಾರ ಹೆಚ್ಚಾದಷ್ಟೂ ಹೊಂಡದ ಏಟು ಸೊಂಟಕ್ಕೆ ತಾಗುವುದು ಕಡಿಮೆಯಾಗುತ್ತಿತ್ತು. ಖಾಲಿ ಅಂಬಾಸಿಡರಿನಲ್ಲಿ ಒಬ್ಬರೇ ಕುಲುಕಿಕೊಂಡು ಹೋದವರಿಗೂ, ಅದೇ ಕಾರಿನಲ್ಲಿ ಎಂಟು ಜನ ಒತ್ತಿಕೊಂಡು ಹೋದವರಿಗೂ ಸಿಕ್ಕ ಅನುಭವ ಬೇರೆಬೇರೆ. ನನ್ನ ಮಟ್ಟಿಗೆ ಅದು ತುಂಬಿದಾಗಲೇ ಹಿತವಾಗಿದ್ದ ಕಾರು.

ಆದರೆ ಅದನ್ನು ಯಾರೂ ‘ಆರಿಸಿದ್ದಲ್ಲ’. ಬೆಲೆಯ ಮೇಲೂ ಹಂಚಿಕೆಯ ಮೇಲೂ ಸರ್ಕಾರದ ಹಿಡಿತವಿದ್ದ ಕಾಲವದು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾರ್ಖಾನೆ ಎಷ್ಟು ಕಾರು ತಯಾರಿಸಬೇಕೆಂಬುದಕ್ಕೂ ಲೈಸೆನ್ಸು ಬೇಕಿತ್ತು. ಹಾಗಾಗಿ ಮಲೆನಾಡಿನ ಬಹುಪಾಲು ಮನೆಗಳಿಗೆ ಕಾರೆಂದರೆ ಬಾಡಿಗೆ ಕಾರು, ಬಾಡಿಗೆ ಕಾರೆಂದರೆ ಅಂಬಾಸಿಡರ್. ದಿಬ್ಬಣಕ್ಕೆ, ಹೆರಿಗೆಗೆ, ಮಣಿಪಾಲದ ಆಸ್ಪತ್ರೆಗೆ ಅದೇ. ಘಾಟಿ ಹತ್ತುವಾಗ ರೇಡಿಯೇಟರಿನಲ್ಲಿ ನೀರು ಕುದಿಯುತ್ತಿತ್ತು. ಡ್ರೈವರು ತೊರೆಯ ಪಕ್ಕ ಗಾಡಿ ನಿಲ್ಲಿಸಿ, ಬಾನೆಟ್ಟು ಎತ್ತಿ, ಬೀಡಿ ಹಚ್ಚುತ್ತಿದ್ದ. ಮಕ್ಕಳು ಇಳಿದು ವಾಂತಿ ಮಾಡಿಕೊಳ್ಳಲು ಅದೇ ಸಮಯ. ಆಮೇಲೆ ನಿಂಬೆಹಣ್ಣು ಮೂಸುತ್ತ ಮತ್ತೆ ಹಿಂದೆ ಹತ್ತಿ ಕೂರುವುದು. ಮುಂದಿನ ಬೆಂಚು ಗಂಡಸರದು. ಹಿಂದೆ ಹೆಂಗಸರು, ಮಕ್ಕಳು, ಹೂವಿನ ಬುಟ್ಟಿ, ಹಲಸಿನ ಹಣ್ಣು. ಕಾರುಗಳು ಆಮೇಲೆ ಎಷ್ಟೋ ಬದಲಾದವು, ಈ ವ್ಯವಸ್ಥೆ ಬದಲಾಗಲಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಜಪಾನಿನ ಸುಜುಕಿಯ ಸಹಯೋಗ, 796 ಸಿಸಿ, ಉದ್ದ ಸುಮಾರು 3.3 ಮೀಟರು. ಹೆಚ್ಚುಕಡಿಮೆ ಅದೇ ವಾರಗಳಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಮಿನಿವ್ಯಾನ್ ಎಂಬ ಹೊಸ ಬಗೆಯ ಗಾಡಿಯನ್ನು ಹೊರತಂದಿತ್ತು. ಮೂರು ಸಾಲು ಸೀಟು, ಪಕ್ಕಕ್ಕೆ ಜಾರುವ ಬಾಗಿಲು, ಕಾರಿನಂತೆ ಓಡಿಸಬಹುದಾದ ಪುಟ್ಟ ಬಸ್ಸು. ಮರುವರ್ಷ ಫ್ರಾನ್ಸಿನಲ್ಲಿ ರೆನೋ ಕಂಪನಿಯ ಎಸ್ಪಾಸ್ ಬಂತು. ಅಪ್ಪ, ಅಮ್ಮ, ಮಕ್ಕಳಷ್ಟೇ ಇರುವ ಸಂಸಾರಗಳ ದೇಶಗಳು ಮೂರು ಸಾಲಿನ ಕಾರಿಗೆ ಹೊರಳಿದವು. ಅಜ್ಜ, ಅಜ್ಜಿ, ಸೋದರತ್ತೆಯರಿದ್ದ ನಮ್ಮ ದೇಶ ನಾಲ್ಕು ಜನರ ಕಾರಿಗೆ ಹೊರಳಿತು.

ಇದಕ್ಕೆ ಕಾರಣಗಳು ಸರಳ. ಪೆಟ್ರೋಲ್ ತುಟ್ಟಿ, ದೇಶಕ್ಕೆ ಬೇಕಿದ್ದದ್ದು ಅಗ್ಗದ ಕಾರು. ಜತೆಗೆ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಆರೋಗ್ಯ ಕೇಂದ್ರದ ಗೋಡೆಗಳೆಲ್ಲ ಹೇಳುತ್ತಿದ್ದ ಕಾಲ. ಗೋಡೆಯ ಮೇಲಿನ ಆ ಚಿತ್ರದ ನಾಲ್ವರೂ ಮಾರುತಿಯಲ್ಲಿ ಸರಿಯಾಗಿ ಹಿಡಿಸುತ್ತಿದ್ದರು. ಚಿತ್ರದಲ್ಲಿ ಇಲ್ಲದಿದ್ದವರು ಬಸ್ಸಿನಲ್ಲಿ ಬಂದರು. ನಮ್ಮ ನೆಂಟರಿಷ್ಟರಲ್ಲೇ ನಾನು ಇದನ್ನು ಕಂಡಿದ್ದೇನೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಗ ಕಾರು ಕೊಂಡ ವರ್ಷದಿಂದ ಅಪ್ಪ, ಅಮ್ಮ ಊರಿಗೆ ಬೇರೆಯಾಗಿ, ರಾತ್ರಿ ಬಸ್ಸಿಗೆ ಹೋಗತೊಡಗಿದರು. ಯಾರೂ ಜಗಳವಾಡಿರಲಿಲ್ಲ. ಹಿಂದಿನ ಸೀಟಿನಲ್ಲಿ ಜಾಗವಿರಲಿಲ್ಲ, ಅಷ್ಟೇ.

ಮಾರುತಿಯೇ 1984ರಲ್ಲಿ ಒಂದು ವ್ಯಾನನ್ನೂ ಬಿಟ್ಟಿತು, ಮುಂದೆ ಅದಕ್ಕೆ ಓಮ್ನಿ ಎಂಬ ಹೆಸರಾಯಿತು. ಎಂಜಿನ್ ಅದೇ 796 ಸಿಸಿಯದು, ಅದೂ ಮುಂದಿನ ಸೀಟಿನ ಅಡಿಯಲ್ಲಿ. ಬೇಸಿಗೆಯಲ್ಲಿ ಕೆಳಗಿಂದ ಕಾವು. ಜಾಗವೇನೋ ಸಿಕ್ಕಿತು, ಆದರೆ ಡ್ರೈವರಿನ ಮೊಣಕಾಲಿಗೂ ಎದುರು ಬರುವ ಲಾರಿಗೂ ನಡುವೆ ಒಂದು ತಗಡು ಮಾತ್ರ. ಊರೊಳಗೆ ಶಾಲೆ ಮಕ್ಕಳನ್ನು ಬಿಡಲು, ತರಕಾರಿ ಸಾಗಿಸಲು ಅದು ಒಗ್ಗಿತು. ದೂರದ ಪ್ರಯಾಣದ ಕಾರೆಂದು ಅದನ್ನು ನಾನು ಒಪ್ಪುವುದಿಲ್ಲ. ಒಪ್ಪುವ ಗೆಳೆಯರಿದ್ದಾರೆ, ಅದರಲ್ಲೇ ತಿರುಪತಿ ಮುಟ್ಟಿ ಬಂದವರು.

ಕೂಡುಕುಟುಂಬ ಮತ್ತೆ ಒಂದೇ ಗಾಡಿಗೆ ಹತ್ತಿದ್ದು 1990ರ ದಶಕದಲ್ಲಿ. 1994ರಲ್ಲಿ ಟಾಟಾ ಸುಮೊ ಬಂತು. ಟೆಲ್ಕೊ ಕಂಪನಿಯನ್ನು ಕಟ್ಟಿದ ಸುಮಂತ್ ಮೂಳಗಾಂವ್‌ಕರ್ ಅವರ ಹೆಸರು, ಅಡ್ಡಹೆಸರುಗಳ ಮೊದಲಕ್ಷರಗಳನ್ನು ಸೇರಿಸಿ ಇಟ್ಟ ಹೆಸರು ಅದು, ಜಪಾನಿನ ಕುಸ್ತಿಗೂ ಅದಕ್ಕೂ ಸಂಬಂಧವಿಲ್ಲ. ಡೀಸೆಲ್ ಎಂಜಿನ್, ಚೌಕಾಕಾರದ ಮೈ, ಹಿಂದುಗಡೆ ಎದುರುಬದುರಾಗಿ ಅಡ್ಡ ಸೀಟುಗಳು.

ಆಮೇಲೆ ಬಿಡದಿ. ಟೊಯೊಟಾ ಮತ್ತು ಕಿರ್ಲೋಸ್ಕರ್ ಸೇರಿ ಬೆಂಗಳೂರು–ಮೈಸೂರು ರಸ್ತೆಯ ಪಕ್ಕ ಕಟ್ಟಿದ ಕಾರ್ಖಾನೆಯಿಂದ 2000ದ ಜನವರಿಯಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂತು. ವಿಶ್ವೇಶ್ವರಯ್ಯನವರು ನೆನೆದಿದ್ದ ಹಾಗೆ ಅದು ನಮ್ಮದೇ ವಿನ್ಯಾಸವೇನಲ್ಲ. ಅದರ ಮೂಲ ಇಂಡೊನೇಷ್ಯದ ಕಿಜಾಂಗ್ ಎಂಬ ಗಾಡಿ. ಅಲ್ಲಿನ ಭಾಷೆಯಲ್ಲಿ ಕಿಜಾಂಗ್ ಎಂದರೆ ನಮ್ಮ ಮಲೆನಾಡಿನ ಕಾಡುಕುರಿಯ ಜಾತಿಯ ಜಿಂಕೆ. 1977ರಿಂದ ಟೊಯೊಟಾ ಅಲ್ಲಿ ಹಳ್ಳಿದಾರಿಗೆ, ದೊಡ್ಡ ಸಂಸಾರಕ್ಕೆ, ಕಡಿಮೆ ಬೆಲೆಗೆ ಹೊಂದುವಂತೆ ಅದನ್ನು ತಿದ್ದುತ್ತ ಬಂದಿತ್ತು. ಕ್ವಾಲಿಸ್ ಆಗಿ ಇಲ್ಲಿಗೆ ಬಂದದ್ದು ಅಲ್ಲಿ ಆಗಲೇ ಹಳೆಯದಾಗಿದ್ದ ಮಾದರಿ. ಪತ್ರಿಕೆಯವರು ಅದರ ರೂಪ ನೋಡಿ ಮೂಗು ಮುರಿದರು. ಟ್ಯಾಕ್ಸಿಯವರು ಸಾಲುಗಟ್ಟಿ ಕೊಂಡರು.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಅದು ಬಾಡಿಗೆ ಗಾಡಿಯಾಗಿ ಮೊದಲು ಗೆದ್ದದ್ದು. ಬೆಂಗಳೂರಿನ ಕಾಲ್ ಸೆಂಟರುಗಳ ರಾತ್ರಿ ಪಾಳಿಯ ಹುಡುಗ ಹುಡುಗಿಯರು ಕ್ವಾಲಿಸ್‌ನಲ್ಲಿ ನಿದ್ದೆ ಮಾಡಿದರು. ಅದೇ ಹುಡುಗರು ರಜೆಯಲ್ಲಿ ಅದನ್ನೇ ಬಾಡಿಗೆಗೆ ಹಿಡಿದು ಅಪ್ಪ, ಅಮ್ಮನನ್ನು ಧರ್ಮಸ್ಥಳ, ಶೃಂಗೇರಿ, ಮಂತ್ರಾಲಯಕ್ಕೆ ಕರೆದೊಯ್ದರು. ಮಧ್ಯದ ಸಾಲಿನಲ್ಲಿ ಕಾಲು ಚಾಚಿ ಕೂತ ಮುದುಕರು ಇದು ಆಗುತ್ತದೆ ಎಂದರು. ಯಾವ ಜಾಹೀರಾತೂ ಮಾಡಲಾಗದ ಕೆಲಸ ಅದು. ಎಂಟು ಗಂಟೆ ಬಾಡಿಗೆಗೆ ಕೂತು ಪರೀಕ್ಷೆ ಮಾಡಿದ ಮೇಲೆ ಕೊಳ್ಳುವವರು ಮೋಸ ಹೋಗುವುದಿಲ್ಲ. 2005ರಲ್ಲಿ, ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದ ಕ್ವಾಲಿಸ್ಸನ್ನು ನಿಲ್ಲಿಸಿ ಕಂಪನಿ ಇನ್ನೋವಾ ತಂದಾಗ ಕುಟುಂಬಗಳು ಸಿದ್ಧವಾಗಿದ್ದವು. ಚಕ್ರಗಳ ನಡುವಿನ ಅಂತರ 2.75 ಮೀಟರು, ಅಂಬಾಸಿಡರಿಗಿಂತ ಸುಮಾರು ಒಂದು ಅಡಿ ಹೆಚ್ಚು. ಆ ಒಂದು ಅಡಿ ಪೂರ್ತಿಯಾಗಿ ಮೊಣಕಾಲುಗಳಿಗೆ ಸಂದದ್ದಲ್ಲ, ಮೂರನೆಯ ಸಾಲಿಗೂ ಪಾಲು ಹೋಯಿತು. ಮೂರನೆಯ ಸಾಲಿನವರೂ ಕೊನೆಗೂ ಮುಂದಕ್ಕೆ ಮುಖ ಮಾಡಿ ಕೂತರು.

ಇದೇ ಹೊತ್ತಿಗೆ ದೆಹಲಿ ಮತ್ತೆ ಅಳತೆಪಟ್ಟಿ ಹಿಡಿಯಿತು. 2006ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕ ಶೇ. 24ರಿಂದ 16ಕ್ಕೆ ಇಳಿಯಿತು. ಸಣ್ಣ ಕಾರು ಎಂದರೆ ಉದ್ದ 4 ಮೀಟರು ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ಮೀರಬಾರದು. ಜಗತ್ತಿನ ಯಾವ ಮೊಣಕಾಲಿಗೂ ಸಂಬಂಧವಿಲ್ಲದ ಈ 4 ಮೀಟರಿನ ಗೆರೆ ಭಾರತದ ಕಾರುಗಳ ಆಕಾರವನ್ನೇ ಬದಲಿಸಿತು. ಟಾಟಾ ಇಂಡಿಗೊ 2008ರಲ್ಲಿ ಬಾಲ ಕತ್ತರಿಸಿಕೊಂಡು ಸಿಎಸ್ ಎಂಬ ಹೆಸರಿನಲ್ಲಿ ಬಂತು. ಮಾರುತಿ ಡಿಜೈರ್ 2012ರಲ್ಲಿ 3,995 ಮಿಲಿಮೀಟರಿಗೆ ಇಳಿಯಿತು. ಕತ್ತರಿ ಬಿದ್ದದ್ದು ಹೆಚ್ಚಾಗಿ ಡಿಕ್ಕಿಗೆ. ಊರಿಗೆ ಹೋಗುವಾಗ ಎರಡು ಸೂಟ್‌ಕೇಸು, ಬರುವಾಗ ಅಕ್ಕಿ, ಕಾಯಿ, ಉಪ್ಪಿನಕಾಯಿ ಜಾಡಿ ತರುವ ಸಂಸಾರಕ್ಕೆ ಡಿಕ್ಕಿ ಎಂದರೇನೆಂದು ತೆರಿಗೆಯ ಕಡತಕ್ಕೆ ತಿಳಿಯುವ ಹಾಗಿರಲಿಲ್ಲ. ಗೆರೆ ಇನ್ನೂ ಅಲ್ಲೇ ಇದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿಯಲ್ಲಿ ಗೆರೆಯ ಈಚೆಗಿನ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 18, ಆಚೆಗಿನವಕ್ಕೆ ಶೇ. 40. ಏಳು ಜನರ ಮನೆ ಒಂದು ದೊಡ್ಡ ಕಾರು ಕೊಂಡರೆ ಐಷಾರಾಮದ ದರ, ಅದೇ ಮನೆ ಎರಡು ಸಣ್ಣ ಕಾರು ಕೊಂಡರೆ ಮಿತವ್ಯಯದ ದರ. ರಸ್ತೆಯಲ್ಲಿ ಯಾವುದು ಹೆಚ್ಚು ಜಾಗ ತಿನ್ನುತ್ತದೆ ಎಂದು ಯಾರಾದರೂ ಲೆಕ್ಕ ಹಾಕಬಹುದು.

ರಸ್ತೆಯ ಮಾತನ್ನೂ ಹೇಳಬೇಕು. ಸುವರ್ಣ ಚತುಷ್ಪಥದ 5,846 ಕಿ.ಮೀ. ಬರುವ ಮೊದಲು ಹಿತವೆಂದರೆ ಹೊಂಡವನ್ನು ನುಂಗುವ ಶಕ್ತಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬೆಲ್ಟು ಯಾರಿಗೂ ನೆನಪಾಗುತ್ತಿರಲಿಲ್ಲ. ಅದೇ ಗಾಡಿ 100ರಲ್ಲಿ ಓಡತೊಡಗಿದಾಗ ಹಿಂದಿನ ಸೀಟಿನ ಅರ್ಥವೇ ಬದಲಾಯಿತು. 2022ರ ಸೆಪ್ಟೆಂಬರಿನಲ್ಲಿ ಅಹಮದಾಬಾದ್–ಮುಂಬಯಿ ಹೆದ್ದಾರಿಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತದಲ್ಲಿ ಮುಂದಿದ್ದ ಇಬ್ಬರು ಬದುಕಿದರು, ಹಿಂದಿದ್ದ ಇಬ್ಬರು ಬದುಕಲಿಲ್ಲ. ಹಿಂದಿದ್ದವರು ಬೆಲ್ಟು ಹಾಕಿರಲಿಲ್ಲವೆಂದು ಪೊಲೀಸರು ಹೇಳಿದರು. ಅಲ್ಲಿಯವರೆಗೆ ನಮ್ಮಲ್ಲಿ ಹಿಂದಿನ ಸೀಟೆಂದರೆ ಸುರಕ್ಷಿತ ಎಂಬ ಭಾವನೆಯಿತ್ತು. ಸುಮೊ, ಕ್ವಾಲಿಸ್‌ಗಳ ಅಡ್ಡ ಸೀಟಿನಲ್ಲಿ ಮಕ್ಕಳನ್ನು ಕೂರಿಸಿ ಚಾರ್ಮಾಡಿ ಇಳಿದ ನಾವೆಲ್ಲ ಅದೇ ಭಾವನೆಯವರು. ಡಿಕ್ಕಿ ಹೊಡೆದರೆ ಅಡ್ಡ ಕೂತವರ ಮೈಗೆ ಯಾವ ಆಸರೆಯೂ ಇರುವುದಿಲ್ಲ ಎಂದು ಹೇಳಲು ಎಂಜಿನಿಯರ್ ಆಗಬೇಕಿಲ್ಲ.

ಮೂರನೆಯ ಸಾಲಿಗೆ ಇನ್ನೂ ಒಂದು ಕಷ್ಟವಿದೆ. ಅದು ಹಿಂದಿನ ಚಕ್ರದ ಅಚ್ಚಿನ ಮೇಲೆಯೋ ಅದರ ಹಿಂದೆಯೋ ಇರುತ್ತದೆ. ಏತದ ತುದಿಯಲ್ಲಿ ಕೂತ ಹಾಗೆ, ಪ್ರತಿ ಉಬ್ಬಿಗೂ ಅಲ್ಲಿನವರು ಹೆಚ್ಚು ಮೇಲೇಳುತ್ತಾರೆ. ಕಿಟಕಿ ಚಿಕ್ಕದು, ಮುಂದಿನ ಸೀಟುಗಳ ಬೆನ್ನು ಅಡ್ಡ, ರಸ್ತೆ ಕಾಣುವುದಿಲ್ಲ. ಒಳಕಿವಿ ತಿರುವು ಬಂತೆನ್ನುತ್ತದೆ, ಕಣ್ಣು ಇಲ್ಲವೆನ್ನುತ್ತದೆ. ಈ ಜಗಳಕ್ಕೇ ಹೊಟ್ಟೆ ತೊಳಸುವುದು. ನಿಂಬೆಹಣ್ಣಿಗಿಂತ ಮುಂದಿನ ಗಾಜಿನ ನೋಟ ಹೆಚ್ಚು ಉಪಕಾರಿ. ಅದೇ ಸಾಲನ್ನು ನಾವು ಮಕ್ಕಳಿಗೆ ಕೊಟ್ಟೆವು, ಅವರ ಜತೆಗಿರಲು ಹೆಂಗಸರಿಗೂ ಕೊಟ್ಟೆವು.

ಕಳೆದ ವರ್ಷ ನಮ್ಮ ಮನೆಗೆ ಇದೆಲ್ಲ ಲೆಕ್ಕಕ್ಕೆ ಬಂತು. ನಾವು ಆರು ಜನ. ಅಮ್ಮನ ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಊರು ತೀರ್ಥಹಳ್ಳಿಯ ಹತ್ತಿರ, ಬೆಂಗಳೂರಿನಿಂದ ಸುಮಾರು 350 ಕಿ.ಮೀ. ಅಲ್ಲಿಂದ ಅಕ್ಕನ ಮನೆಗೆ ಹೋಗಬೇಕಾದರೆ ಆಗುಂಬೆಯ ಹದಿನಾಲ್ಕು ತಿರುವು. ಶಸ್ತ್ರಚಿಕಿತ್ಸೆಯಾದ ಮೇಲೆ ಅಮ್ಮ ಊರಿಗೆ ಹೋಗಿರಲಿಲ್ಲ. ರಾತ್ರಿ ಬಸ್ಸಿನ ಮೆಟ್ಟಿಲು ಅವರಿಗೆ ಆಗುತ್ತಿರಲಿಲ್ಲ. ಮನೆಯಲ್ಲಿದ್ದ ಸಣ್ಣ ಕಾರಿನ ಸೀಟು ತಗ್ಗು, ಕೂತರೆ ಏಳಲು ಇಬ್ಬರು ಬೇಕಿತ್ತು. ಕಾರು ಆರಿಸುವುದೆಂದರೆ ಅವರು ಮತ್ತೆ ಊರು ನೋಡುತ್ತಾರೋ ಇಲ್ಲವೋ ಎಂಬುದನ್ನು ನಿರ್ಧರಿಸಿದಂತೆಯೇ ಆಗಿತ್ತು.

ಅಮ್ಮನನ್ನು ಕರೆದುಕೊಂಡೇ ಶೋರೂಮುಗಳಿಗೆ ಹೋದೆವು. ಮಾರುವ ಹುಡುಗರು ಪರದೆ, ಗಾಜಿನ ಸೂರು, ಸೀಟಿನಿಂದ ಬರುವ ತಣ್ಣನೆ ಗಾಳಿ ತೋರಿಸುತ್ತಿದ್ದರು. ಅಮ್ಮ ಬಾಗಿಲ ಹತ್ತಿರ ನಿಂತು, ಸೀಟಿಗೆ ಬೆನ್ನು ಮಾಡಿ, ಅದು ತನ್ನ ಸೊಂಟದ ಕೆಳಗೆ ಎಲ್ಲಿ ತಾಗುತ್ತದೆ ಎಂದು ನೋಡುತ್ತಿದ್ದರು. ಎತ್ತರದ ಗಾಡಿಗಳಲ್ಲಿ ಹತ್ತಲು ಕಾಲು ಮಡಚಬೇಕು, ತಗ್ಗಿನ ಕಾರುಗಳಲ್ಲಿ ಇಳಿಯಲು ಮಡಚಬೇಕು. ನಿಂತವರ ಕುಂಡಿಯ ಮಟ್ಟಕ್ಕೆ ಸೀಟಿದ್ದರೆ ಎರಡೂ ಬೇಡ, ಕೂತು ತಿರುಗಿದರಾಯಿತು. ಅಂಬಾಸಿಡರಿನಲ್ಲಿ ಅಜ್ಜಿ ಮಾಡುತ್ತಿದ್ದದ್ದೂ ಅದನ್ನೇ. ಒಂದು ಗಾಡಿಯಲ್ಲಿ ಅಮ್ಮ ಮೊದಲ ಸಲಕ್ಕೇ ಹಾಗೆ ಕೂತರು. ‘ಇದು ಕುರ್ಚಿ ಥರ ಇದೆ’ ಎಂದರು.

ನಾನು ಮುಂಗಡ ಕೊಡಲು ಹೊರಟಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಮಧ್ಯದ ಸೀಟು ಮಡಚಿ, ನುಸುಳಿ, ಮೂರನೆಯ ಸಾಲಿನಲ್ಲಿ ಕೂತಿದ್ದಳು. ಮೊಣಕಾಲು ಎದೆಯ ಮಟ್ಟದಲ್ಲಿತ್ತು. ‘ತೀರ್ಥಹಳ್ಳಿವರೆಗೆ ಇಲ್ಲಿ ಕೂರೋದು ನಾನೇ ತಾನೆ?’ ಎಂದಳು. ಕೋಪವೇನೂ ಇರಲಿಲ್ಲ. ಹುಡುಗ ಇನ್ನೊಂದು ಬಣ್ಣ ತೋರಿಸಲೇ ಎಂದು ಕೇಳಿದ. ಆ ದಿನ ಹಾಗೇ ವಾಪಸು ಬಂದೆವು.

ಆಮೇಲಿನ ಎರಡು ವಾರ ಮನೆಯಲ್ಲಿ ನಡೆದ ಚರ್ಚೆ ಕಾರಿನ ಬಗ್ಗೆ ಎಂದು ಹೇಳಲಾರೆ. ಯಾರು ಎಲ್ಲಿ, ಎಷ್ಟು ಹೊತ್ತು ಕೂರುವುದು ಎಂಬುದೇ ಅದರ ವಿಷಯ. ಮಧ್ಯದಲ್ಲಿ ಬಿಡಿ ಬಿಡಿ ಎರಡು ಕುರ್ಚಿಗಳಿರುವ ಗಾಡಿ ನೋಡಲು ಚಂದ, ಹಿಂದಕ್ಕೆ ಹೋಗಲು ನಡುವೆ ದಾರಿಯೂ ಇರುತ್ತದೆ, ಆದರೆ ಆರು ಜನರಲ್ಲಿ ಇಬ್ಬರು ಕಾಯಂ ಹಿಂದೆಯೇ. ಮಧ್ಯದಲ್ಲಿ ಉದ್ದದ ಬೆಂಚು ಇದ್ದರೆ ಮೂವರು ಅಲ್ಲೇ ಆಗುತ್ತಾರೆ, ಹಿಂದೆ ಒಬ್ಬರೇ, ಅರ್ಧ ಸೀಟು ಮಡಚಿ ಲಗೇಜಿಗೂ ಜಾಗ. ಮೂರೂ ಸಾಲು ತುಂಬಿದರೆ ಇಂಥ ಬಹುತೇಕ ಗಾಡಿಗಳಲ್ಲಿ ಎರಡು ಚೀಲಕ್ಕಿಂತ ಹೆಚ್ಚು ಹಿಡಿಸುವುದಿಲ್ಲ ಎಂಬುದು ಕೊಂಡ ಮೇಲೆ ಗೊತ್ತಾಗುವ ಸತ್ಯ. ಕೊನೆಗೆ ಉದ್ದದ ಬೆಂಚಿನ, ಐದು ವರ್ಷ ಓಡಿದ್ದ ಒಂದು ಇನ್ನೋವಾ ತೆಗೆದುಕೊಂಡೆವು. ಹತ್ತಲು ಅಮ್ಮನಿಗೆ ಒಂದು ಗಿಡ್ಡ ಮಣೆ ಮಾಡಿಸಿದೆವು.

ಹಿಂದಿನ ಸೀಟಿಗೆ ಪಾಳಿ ಇದೆ. ತುಮಕೂರಿನವರೆಗೆ ಮಗಳು, ಅಲ್ಲಿಂದ ಅರಸೀಕೆರೆಯವರೆಗೆ ಅಪ್ಪ, ಆಮೇಲೆ ಕಡೂರಿನ ಕಾಫಿಯವರೆಗೆ ನಾನು. ಆಗ ಸ್ಟಿಯರಿಂಗ್ ಹೆಂಡತಿಯದು. ಮೊದಲ ಸಲ ಅಪ್ಪ ಹಿಂದೆ ನುಸುಳಿ ಕೂತಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದಿನ ಸೀಟಿನಲ್ಲಿದ್ದ ಅಮ್ಮ ಕನ್ನಡಿಯಲ್ಲಿ ಅವರನ್ನು ನೋಡಿ, ‘ಅಲ್ಲಿ ರಸ್ತೆ ಕಾಣ್ತದಾ?’ ಎಂದು ಕೇಳಿದರು. ಕಾಣುವುದಿಲ್ಲ ಎಂದರು ಅಪ್ಪ.